ಉಬ್ಬಿದ ಅಭಿಧಮನಿ, ಕಾಯುವ ದಂಪತಿ: ವೇರಿಕೋಸಿಲ್ ಶಸ್ತ್ರಕ್ರಿಯೆಯ ಇತಿಹಾಸ

1952ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದ ಶಸ್ತ್ರವೈದ್ಯ ಸೆಲ್ಬಿ ಟುಲ್ಲೊಕ್ ಒಬ್ಬ ರೋಗಿಯ ವಿವರ ಪ್ರಕಟಿಸಿದರು. ಆತನ ವೀರ್ಯದಲ್ಲಿ ಒಂದೇ ಒಂದು ವೀರ್ಯಾಣುವೂ ಇರಲಿಲ್ಲ. ಎರಡೂ ವೃಷಣಗಳ ಮೇಲ್ಭಾಗದಲ್ಲಿ ಅಭಿಧಮನಿಗಳು ಉಬ್ಬಿ ಗೋಜಲಾಗಿದ್ದವು. ಅವನ್ನು ಕಟ್ಟಿದ ಬಳಿಕ ವೀರ್ಯಾಣುಗಳು ಕಾಣಿಸಿಕೊಂಡವು. ಆತ ತಂದೆಯೂ ಆದ. ಈ ವರದಿಯ ನಂತರ ಇದೇ ಶಸ್ತ್ರಕ್ರಿಯೆ ಅನೇಕ ದೇಶಗಳಲ್ಲಿ ಬಳಕೆಗೆ ಬಂತು. ಆದರೆ ಇದರಿಂದ ನಿಜಕ್ಕೂ ಮಕ್ಕಳಾಗುತ್ತವೆಯೆ ಎಂಬ ಪ್ರಶ್ನೆಯ ಮೇಲಿನ ವಾದ ಅರ್ಧ ಶತಮಾನ ಕಳೆದರೂ ಮುಗಿಯಲಿಲ್ಲ.

ಈ ತೊಂದರೆಯ ಹೆಸರು ವೇರಿಕೋಸಿಲ್. ಲ್ಯಾಟಿನ್ನಿನಲ್ಲಿ ಉಬ್ಬಿದ ಅಭಿಧಮನಿ, ಗ್ರೀಕಿನಲ್ಲಿ ಬಾವು. ಎರಡೂ ಸೇರಿದ ಪದ ಇದು. ಕಾಲಿನಲ್ಲಿ ನರ ಉಬ್ಬುತ್ತದೆ ಎಂದು ನಾವು ಹೇಳುತ್ತೇವಲ್ಲ (ಅದು ನರವಲ್ಲ, ಅಭಿಧಮನಿ), ಅದೇ ಬಗೆಯದು ವೃಷಣಚೀಲದಲ್ಲಿ ಆಗುತ್ತದೆ. ಸುಮಾರು ನೂರಕ್ಕೆ ಹದಿನೈದು ಗಂಡಸರಲ್ಲಿ ಇದು ಇರುತ್ತದೆ. ಅವರಲ್ಲಿ ಬಹುಪಾಲು ಮಂದಿಗೆ ಮಕ್ಕಳಾಗುತ್ತವೆ ಎಂಬುದನ್ನು ಮರೆಯಬಾರದು. ಮಕ್ಕಳಾಗದೆ ಪರೀಕ್ಷೆಗೆ ಬರುವ ಗಂಡಸರಲ್ಲಿ ಮಾತ್ರ ಪ್ರಮಾಣ ನೂರಕ್ಕೆ ಮೂವತ್ತೈದರಷ್ಟು.

ಎಡಗಡೆಯೇ ಏಕೆ ಹೆಚ್ಚು? ಬಲ ವೃಷಣದ ಅಭಿಧಮನಿ ನೇರವಾಗಿ ಕೆಳ ಮಹಾಭಿಧಮನಿಯನ್ನು ಓರೆಯಾಗಿ ಸೇರುತ್ತದೆ. ಎಡಗಡೆಯದು ಇನ್ನೂ ಮೇಲೇರಿ, ಎಡ ಮೂತ್ರಪಿಂಡದ ಅಭಿಧಮನಿಯನ್ನು ಲಂಬಕೋನದಲ್ಲಿ ಸೇರುತ್ತದೆ. ನಿಂತಾಗ ಉದ್ದವಾದ ರಕ್ತದ ಕಂಬದ ಒತ್ತಡ ಕೆಳಗೆ ಬೀಳುತ್ತದೆ. ಕವಾಟಗಳು ದುರ್ಬಲವಾಗಿದ್ದರೆ ರಕ್ತ ಹಿಂದಕ್ಕೆ ಹರಿಯುತ್ತದೆ. ದ್ರವಸ್ಥಿತಿಶಾಸ್ತ್ರದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ತರಗತಿಯಲ್ಲಿ ಹೇಳಲು ಸಂಕೋಚವಾಗಬಹುದು, ಅಷ್ಟೆ.

ಕ್ರಿ.ಶ. ಒಂದನೆಯ ಶತಮಾನದ ರೋಮನ್ ಲೇಖಕ ಸೆಲ್ಸಸ್ ಇದನ್ನು ಗಮನಿಸಿದ್ದ. ಅಭಿಧಮನಿ ಉಬ್ಬಿದ ಕಡೆಯ ವೃಷಣ ಕೆಳಗೆ ಜೋತು, ಇನ್ನೊಂದಕ್ಕಿಂತ ಚಿಕ್ಕದಾಗುತ್ತದೆ, ಪೋಷಣೆಯ ಕೊರತೆಯೇ ಕಾರಣ ಎಂದು ಆತ ಬರೆದಿದ್ದ. ವೀರ್ಯಾಣುವನ್ನು ಯಾರೂ ಕಂಡಿರದಿದ್ದ ಕಾಲದ ಮಾತಿದು! ಹದಿನಾರನೆಯ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಆಂಬ್ರೊಯ್ಸ್ ಪಾರೆ ಆ ನಾಳಗಳಲ್ಲಿ ಕೆಟ್ಟ ಕಪ್ಪುರಕ್ತ ತುಂಬಿದೆಯೆಂದು ವಿವರಿಸಿದ. 19ನೆಯ ಶತಮಾನದಲ್ಲಿ ಶಸ್ತ್ರಕ್ರಿಯೆ ಮುಖ್ಯವಾಗಿ ನೋವು, ಭಾರಗಳಿಗಾಗಿ ನಡೆಯುತ್ತಿತ್ತು. ಚೀಲವನ್ನೇ ಕೊಯ್ದು ನಾಳಗಳನ್ನು ಕಟ್ಟುವಾಗ ಅಪಧಮನಿಯೂ ಸಿಕ್ಕಿ ವೃಷಣ ಬತ್ತಿಹೋಗುವುದಿತ್ತು. ಕಾಪಾಡಬೇಕಾದ ಅಂಗವೇ ಚಿಕಿತ್ಸೆಗೆ ಬಲಿ. ಶಸ್ತ್ರಕ್ರಿಯೆಯ ನಂತರ ರೋಗಿಯ ವೀರ್ಯ ಸುಧಾರಿಸಿದ್ದನ್ನು ಲಂಡನ್ನಿನ ಬೆನ್ನೆಟ್ 1889ರಲ್ಲೇ ವರದಿ ಮಾಡಿದ್ದರೂ ಆಗ ಅದಕ್ಕೆ ಮಹತ್ತ್ವ ಸಿಗಲಿಲ್ಲ.

ಅಪಾಯ ತಗ್ಗಿಸಿದ ದಾರಿ ದಕ್ಷಿಣ ಅಮೆರಿಕದಿಂದ ಬಂತು. ಅರ್ಜೆಂಟೀನಾದ ಆಸ್ಕರ್ ಇವಾನಿಸೆವಿಚ್ 1918ರಿಂದ ತೊಡೆಸಂದಿನಲ್ಲಿ ಕೊಯ್ದು ಅಭಿಧಮನಿ ಕಟ್ಟುವ ಕ್ರಮವನ್ನು ಬೆಳೆಸಿದರು. 42 ವರ್ಷಗಳ 4,470 ಶಸ್ತ್ರಕ್ರಿಯೆಗಳ ಅನುಭವವನ್ನು 1960ರಲ್ಲಿ ಪ್ರಕಟಿಸಿದರು. ನಡುವೆ ದೇಶದ ಶಿಕ್ಷಣ ಮಂತ್ರಿಯೂ ಆಗಿದ್ದರು! 1949ರಲ್ಲಿ ಪಲೋಮೊ ಇನ್ನೂ ಮೇಲೆ, ಹೊಟ್ಟೆಯ ಹಿಂಭಾಗದಲ್ಲಿ, ಅಪಧಮನಿಯನ್ನೂ ಸೇರಿಸಿ ಕಟ್ಟಿದರು. ಬೇರೆರಡು ಕಿರು ಅಪಧಮನಿಗಳು ರಕ್ತ ಒದಗಿಸುವುದರಿಂದ ವೃಷಣ ಉಳಿಯುತ್ತಿತ್ತು. ಆದರೆ ದುಗ್ಧನಾಳಗಳೂ ಕಟ್ಟಿಹೋದರೆ ಚೀಲದಲ್ಲಿ ನೀರು ತುಂಬುತ್ತದೆ. 1985ರಲ್ಲಿ ಮಾರ್ಮರ್, 1992ರಲ್ಲಿ ಗೋಲ್ಡ್‌ಸ್ಟೈನ್ ಮತ್ತು ಸಂಗಡಿಗರು ಸೂಕ್ಷ್ಮದರ್ಶಕದ ಕೆಳಗೆ ಅಪಧಮನಿ ಮತ್ತು ದುಗ್ಧನಾಳಗಳನ್ನು ಬಿಡಿಸಿಟ್ಟು ಅಭಿಧಮನಿಯನ್ನಷ್ಟೇ ಕಟ್ಟುವುದನ್ನು ತೋರಿಸಿದ ಮೇಲೆ ಈ ತೊಡಕು ಬಹಳ ಕಡಿಮೆಯಾಯಿತು.

ಹಾನಿ ಹೇಗಾಗುತ್ತದೆ? ವೃಷಣಗಳಿಗೆ ದೇಹಕ್ಕಿಂತ 2ರಿಂದ 4 ಡಿಗ್ರಿ ಸೆಲ್ಸಿಯಸ್ ತಂಪು ಬೇಕು. ಬಳ್ಳಿಯಂತೆ ಸುತ್ತಿದ ಅಭಿಧಮನಿಗಳು, ಇಳಿದು ಬರುವ ಅಪಧಮನಿಯ ಶಾಖವನ್ನು ಹೀರುತ್ತವೆ. ರಕ್ತ ಹಿಂದಕ್ಕೆ ಹರಿದರೆ ಈ ಏರ್ಪಾಡು ಕೆಡುತ್ತದೆ. 1973ರಲ್ಲಿ ಜೋರ್ನಿಯೋಟಿ ಮತ್ತು ಮೆಕ್ಲಾಯ್ಡ್ ವೇರಿಕೋಸಿಲ್ ಉಳ್ಳವರಲ್ಲಿ ಉಷ್ಣತೆ ಹೆಚ್ಚಿರುವುದನ್ನು ಅಳೆದು ತೋರಿಸಿದರು. ಹದಿಹರೆಯದವರಲ್ಲಿ ಕುಂಠಿತವಾಗಿದ್ದ ವೃಷಣ ಶಸ್ತ್ರಕ್ರಿಯೆಯ ಬಳಿಕ ಮತ್ತೆ ಬೆಳೆಯಬಲ್ಲದು ಎಂಬುದನ್ನು 1987ರಲ್ಲಿ ಕಾಸ್ ಮತ್ತು ಬೆಲ್ಮನ್ ವರದಿ ಮಾಡಿದರು. ಸೆಲ್ಸಸ್ ಕಂಡ ಸಣ್ಣ ವೃಷಣ ಹತ್ತೊಂಬತ್ತು ಶತಮಾನಗಳ ಬಳಿಕ ಅಳತೆಗೆ ಸಿಕ್ಕಿತು.

ವೃಷಣ ಬೆಳೆಯಿತು, ವೀರ್ಯಾಣು ಹೆಚ್ಚಿತು, ಸರಿ. ಮಗು? ಇಲ್ಲಿಯೇ ಕಥೆ ಜಟಿಲವಾಗುವುದು. ಒಬ್ಬನದೇ ವೀರ್ಯಾಣು ಸಂಖ್ಯೆ ತಿಂಗಳಿಂದ ತಿಂಗಳಿಗೆ ಬಹಳ ಏರಿಳಿಯುತ್ತದೆ. ಕಡಿಮೆ ಇದ್ದಾಗಲೇ ಶಸ್ತ್ರಕ್ರಿಯೆಗೆ ಬಂದವನಲ್ಲಿ ಮುಂದಿನ ಎಣಿಕೆ ತಾನಾಗಿಯೇ ಏರಬಹುದು. ಕಾಯುತ್ತಿದ್ದ ದಂಪತಿಗೆ ಏನೂ ಮಾಡದೆಯೂ ಮಗುವಾಗಬಹುದು. ಆದ್ದರಿಂದ ಹೋಲಿಕೆಯ ಗುಂಪು ಬೇಕು. ದಶಕಗಳ ಕಾಲ ಬಹುತೇಕ ವರದಿಗಳು ಅದಿಲ್ಲದೆ ಪ್ರಕಟವಾದವು. ಇದು ನನಗೆ ಈ ಇತಿಹಾಸದ ಅತ್ಯಂತ ಬೇಸರದ ಭಾಗ.

ಕೊನೆಗೆ, ಚೀಟಿ ಎತ್ತಿದಂತೆ ದಂಪತಿಗಳನ್ನು ಎರಡು ಗುಂಪಾಗಿಸಿದ ಪ್ರಯೋಗಗಳು ಬಂದವು. ಫಲಿತಾಂಶ ಪರಸ್ಪರ ವಿರುದ್ಧ! 1995ರಲ್ಲಿ ಇಸ್ರೇಲಿನ ಮಡ್ಗಾರ್ ತಂಡ 45 ದಂಪತಿಗಳಲ್ಲಿ, ಒಂದು ವರ್ಷದೊಳಗೆ ಶಸ್ತ್ರಕ್ರಿಯೆಯ ಗುಂಪಿನ ಶೇಕಡಾ 60, ಕಾದವರ ಶೇಕಡಾ 10 ಮಂದಿಗೆ ಗರ್ಭಧಾರಣೆಯಾಯಿತೆಂದಿತು. 1998ರಲ್ಲಿ ಜರ್ಮನಿಯ ನೀಶ್ಲಾಗ್ ತಂಡ 125 ದಂಪತಿಗಳಲ್ಲಿ ಚಿಕಿತ್ಸೆ ಪಡೆದವರ ಶೇಕಡಾ 29, ಬರೀ ಸಲಹೆ ಪಡೆದವರ ಶೇಕಡಾ 25 ಎಂದಿತು. 2003ರಲ್ಲಿ ಎವರ್ಸ್ ಮತ್ತು ಕಾಲಿನ್ಸ್ ಇಂಥ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ, ಶಸ್ತ್ರಕ್ರಿಯೆಯಿಂದ ಪ್ರಯೋಜನವಿದ್ದಂತಿಲ್ಲ ಎಂದರು. ಶಸ್ತ್ರವೈದ್ಯರು ಕೆರಳಿದರು. ಅವರ ಆಕ್ಷೇಪದಲ್ಲಿ ಹುರುಳಿತ್ತು: ಕೈಗೆ ಸಿಗದಷ್ಟು ಸಣ್ಣ ವೇರಿಕೋಸಿಲ್ ಇದ್ದವರು, ವೀರ್ಯ ಸರಿಯಾಗಿಯೇ ಇದ್ದವರು ಆ ಪ್ರಯೋಗಗಳಲ್ಲಿ ಬೆರೆತಿದ್ದರು. ಅಂಥವರನ್ನು ಬಿಟ್ಟು 145 ಗಂಡಸರ ಮೇಲೆ ನಡೆಸಿದ 2011ರ ಅಬ್ದೆಲ್-ಮೆಗೀದ್ ಪ್ರಯೋಗದಲ್ಲಿ ಸಹಜ ಗರ್ಭಧಾರಣೆ ಶಸ್ತ್ರಕ್ರಿಯೆಯ ಗುಂಪಿನಲ್ಲಿ ಶೇಕಡಾ 32.9, ಇನ್ನೊಂದರಲ್ಲಿ 13.9.

ಹೀಗಾಗಿ ಇಂದು ಕೈಗೆ ಸಿಗುವ ವೇರಿಕೋಸಿಲ್, ವೀರ್ಯದಲ್ಲಿ ದೋಷ, ಮಗುವಿಗಾಗಿ ಪ್ರಯತ್ನ ಈ ಮೂರೂ ಕೂಡಿದಾಗ ಶಸ್ತ್ರಕ್ರಿಯೆಯನ್ನು ಸೂಚಿಸುತ್ತಾರೆ. ಸ್ಕ್ಯಾನಿನಲ್ಲಷ್ಟೇ ಕಂಡುದಕ್ಕೆ ಅಲ್ಲ. ಪತ್ನಿಯ ಪರೀಕ್ಷೆ, ವಯಸ್ಸುಗಳನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ವೀರ್ಯಾಣು ತಯಾರಾಗಲು ಎರಡು ತಿಂಗಳಿಗೂ ಹೆಚ್ಚು ಬೇಕು. ಆದ್ದರಿಂದ ಶಸ್ತ್ರಕ್ರಿಯೆಯಾದ ಮೂರು ತಿಂಗಳವರೆಗೆ ವೀರ್ಯ ಪರೀಕ್ಷೆ ಮಾಡಿಸಿ ಪ್ರಯೋಜನವಿಲ್ಲ.