ತೊಟ್ಟಿ ಮನೆಗೊಂದು ಹೊಸ ಅಂಕಣ

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ ನೆಲೆನಿಂತ ಅನೇಕ ಕನ್ನಡ ಕುಟುಂಬಗಳಿಗೆ ಊರಿನಲ್ಲಿ ಇಂದಿಗೂ ಒಂದು ಹಿರಿಯರ ಮನೆಯಿದೆ. ಮಲೆನಾಡಿನಲ್ಲಿ ಅದು ನಡುವೆ ಅಂಗಳವುಳ್ಳ ತೊಟ್ಟಿ ಮನೆ, ತುಳುನಾಡಿನಲ್ಲಿ ಗುತ್ತಿನ ಮನೆ ಅಥವಾ ಬೀಡು, ಧಾರವಾಡ ವಿಜಯಪುರಗಳ ಕಡೆ ಕಲ್ಲು ಮಣ್ಣುಗಳ ವಾಡೆ. ವರ್ಷಕ್ಕೊಮ್ಮೆ ನಾಗನ ಪೂಜೆಗೋ ಮನೆದೇವರ ಕಾರ್ಯಕ್ಕೋ ಬಾಗಿಲು ತೆರೆಯುವ ಇಂಥ ಮನೆಗಳ ಮುಂದೆ ಈಗ ಇರುವ ದಾರಿಗಳು ಮೂರು. ಕೆಡವಿ ಆರ್‌ಸಿಸಿ ಮನೆ ಕಟ್ಟುವುದು, ಬೀಗ ಹಾಕಿ ಮಳೆಗೆ ಒಪ್ಪಿಸುವುದು, ಇಲ್ಲವೇ ಹಳೆಯದನ್ನು ಉಳಿಸಿಕೊಂಡು ಇಂದಿನ ಬದುಕಿಗೆ ಬೇಕಾದ ಭಾಗವೊಂದನ್ನು ಅದರೊಡನೆ ಸೇರಿಸುವುದು. ಮೊದಲಿನ ಎರಡಕ್ಕೆ ಯಾರ ಸಲಹೆಯೂ ಬೇಕಾಗುವುದಿಲ್ಲ. ಮೂರನೆಯದನ್ನು ಕುರಿತು ಇಲ್ಲಿ ಬರೆಯುತ್ತಿದ್ದೇವೆ. ಕರಾವಳಿ ಮತ್ತು ಮಲೆನಾಡಿನ ಮನೆಗಳೇ ನಮ್ಮ ಮುಖ್ಯ ಉದಾಹರಣೆ.

ಹಳೆಯ ಮನೆ ಸೋರುತ್ತದೆ ಎಂಬುದು ವಿಸ್ತರಣೆಗೆ ಕಾರಣವಾಗುವುದು ಕಡಿಮೆ. ಸೋರಿಕೆಗೆ ಹಂಚು ತಿರುವಿದರೆ ಸಾಕು. ನಿಜವಾದ ಕಾರಣ ಮನೆಯಲ್ಲಿ ಉಳಿದಿರುವ ಹಿರಿಯರು. ಬಚ್ಚಲು ಹಿತ್ತಿಲಿನಲ್ಲಿ, ಶೌಚಾಲಯ ಅದಕ್ಕೂ ಆಚೆ, ಪ್ರತಿ ಬಾಗಿಲಿಗೂ ಅರ್ಧ ಅಡಿಯ ಹೊಸ್ತಿಲು, ಉಪ್ಪರಿಗೆಗೆ ಏಣಿಯಂತಹ ಕಡಿದಾದ ಮೆಟ್ಟಿಲು. ಎಂಬತ್ತು ದಾಟಿದವರು ಆಷಾಢದ ರಾತ್ರಿಯಲ್ಲಿ ಪಾಚಿಗಟ್ಟಿದ ಅಂಗಳ ದಾಟಿ ಹೋಗಬೇಕಾದ ಮನೆಯನ್ನು ಪಾರಂಪರಿಕವೆಂದು ಹೊಗಳುವುದು ನಗರದಲ್ಲಿ ಕುಳಿತವರಿಗೆ ಸುಲಭ. ಆದುದರಿಂದ ನೆಲಮಟ್ಟದಲ್ಲಿ ಒಂದು ಮಲಗುವ ಕೋಣೆ, ಅದಕ್ಕೆ ಹೊಂದಿಕೊಂಡ ಸ್ನಾನಗೃಹ, ಗಾಳಿ ಬೆಳಕಿರುವ ಅಡುಗೆಮನೆ: ಬಹುತೇಕ ಮನೆಗಳಿಗೆ ನಿಜವಾಗಿ ಬೇಕಾಗಿರುವುದು ಇಷ್ಟೇ. ರಜೆಗೆ ಬರುವ ಮಕ್ಕಳಿಗೆಂದು ನಾಲ್ಕು ಕೋಣೆಗಳ ಮಹಡಿ ಕಟ್ಟಿ, ವರ್ಷದಲ್ಲಿ ಹನ್ನೊಂದು ತಿಂಗಳು ಮುಚ್ಚಿಡುವುದನ್ನು ನಾವು ಒಪ್ಪುವುದಿಲ್ಲ.

ಹೊಸದಕ್ಕೆ ಕೈಹಾಕುವ ಮುನ್ನ ಇರುವುದನ್ನು ಅಳೆಯುವುದು ಲೇಸು. ಗೇಣಿಯ ಅಕ್ಕಿ ಬರುತ್ತಿದ್ದ ಕಾಲದಲ್ಲಿ ಕಟ್ಟಿದ ಮನೆಗಳಲ್ಲಿ ಕಣಜ, ಪತ್ತಾಯ, ಬಾಣಂತಿಕೋಣೆಗಳಿಗೆ ದೊಡ್ಡ ಜಾಗ ಮೀಸಲಾಗಿತ್ತು. 1974ರ ಭೂಸುಧಾರಣೆಯ ತರುವಾಯ ಗೇಣಿ ನಿಂತಿತು, ಕಣಜ ಬರಿದಾಯಿತು, ಕೋಣೆ ಮಾತ್ರ ಉಳಿಯಿತು. ಇಂತಹ ಒಂದೆರಡು ಕೋಣೆಗಳಿಗೆ ಕಿಟಕಿ ಬೆಳಕು ಒದಗಿಸಿದರೆ ಕಟ್ಟಬೇಕಾದ ಹೊಸ ಭಾಗ ಅರ್ಧಕ್ಕಿಳಿಯುತ್ತದೆ. ಪ್ರತಿಯೊಂದು ಕೋಣೆಯ ಅಳತೆ, ಕಂಬಗಳ ಸ್ಥಾನ, ಮಾಡಿನ ಇಳಿಜಾರು, ಬಾವಿ, ನೀರು ಹರಿದುಹೋಗುವ ದಿಕ್ಕು, ಇವೆಲ್ಲವನ್ನೂ ಗುರುತಿಸಿದ ನಕಾಶೆಯೊಂದನ್ನು ಮೊದಲು ಮಾಡಿಸಬೇಕು. ಮಳೆಗಾಲದಲ್ಲಿ ಒಮ್ಮೆ ಹೋಗಿ ನೋಡುವುದು ಇನ್ನೂ ಒಳ್ಳೆಯದು. ಬೇಸಗೆಯಲ್ಲಿ ಗೋಡೆ ಸುಳ್ಳು ಹೇಳುತ್ತದೆ.

ಹಳೆಯ ಗೋಡೆಯ ಸ್ವಭಾವ

ಕರಾವಳಿಯ ಮನೆಗಳ ಗೋಡೆ ಮುರಕಲ್ಲಿನದು ಅಥವಾ ಮಣ್ಣಿನದು. ದಪ್ಪ ಒಂದೂವರೆಯಿಂದ ಎರಡು ಅಡಿ. ನಡುವೆ ಮಣ್ಣಿನ ಇಲ್ಲವೇ ಸುಣ್ಣದ ಗಾರೆ. ಮಾಡಿಗೆ ಹಲಸು, ಬೋಗಿ, ತೇಗದ ಮರ. ಮೊದಲು ಮುಳಿಹುಲ್ಲಿನ ಮಾಡು ಇದ್ದ ಮನೆಗಳಿಗೂ ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಕ್ರಮೇಣ ಹಂಚು ಬಂತು. ವರ್ಷಕ್ಕೆ ಮೂರೂವರೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ನಾಡಿನಲ್ಲಿ ಈ ಗೋಡೆಗಳು ನೂರು ವರ್ಷ ನಿಂತಿರುವುದಕ್ಕೆ ಕಾರಣ ಅವು ನೀರನ್ನು ತಡೆದವೆಂದಲ್ಲ, ಹೀರಿದ ತೇವವನ್ನು ಬೇಸಗೆಯಲ್ಲಿ ಹೊರಗೆ ಬಿಟ್ಟುಕೊಟ್ಟವೆಂದು. ಉದ್ದವಾಗಿ ಚಾಚಿದ ಸೂರು, ಎತ್ತರದ ಜಗಲಿ, ಸುಣ್ಣದ ಲೇಪ ಈ ಮೂರೂ ಸೇರಿ ಗೋಡೆಯನ್ನು ಕಾಪಾಡಿವೆ.

ಸಿಮೆಂಟಿನ ಗಿಲಾವು ಈ ಏರ್ಪಾಟನ್ನು ಕೆಡಿಸುತ್ತದೆ. ಸುಣ್ಣದಷ್ಟು ಸುಲಭವಾಗಿ ಅದು ಆವಿಯನ್ನು ಬಿಡುವುದಿಲ್ಲ. ನೆಲದಿಂದ ಏರಿದ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಇನ್ನೂ ಮೇಲಕ್ಕೆ ಏರುತ್ತದೆ, ಉಪ್ಪು ಒಡೆದು ಬಣ್ಣ ಉದುರುತ್ತದೆ, ಕೊನೆಗೆ ಗಿಲಾವೇ ಹಪ್ಪಳದಂತೆ ಎದ್ದು ಬರುತ್ತದೆ. ಹೊಸ ಭಾಗ ಕಟ್ಟಲು ಬಂದ ಮೇಸ್ತ್ರಿ ಉಳಿದ ಸಿಮೆಂಟಿನಲ್ಲಿ ಹಳೆಯ ಗೋಡೆಗೂ ಒಂದು ಕೈ ಹಚ್ಚಿಬಿಡೋಣವೆಂದು ಉದಾರವಾಗಿ ಹೇಳುವುದುಂಟು. ನಯವಾಗಿ ಬೇಡವೆನ್ನಬೇಕು. ಹಳೆಯ ಗೋಡೆಗೆ ಸುಣ್ಣವೇ ಆಗಬೇಕು. ಕರಾವಳಿಯಲ್ಲಿ ಚಿಪ್ಪು ಸುಟ್ಟು ಮಾಡಿದ ಸುಣ್ಣ ಬಳಕೆಯಲ್ಲಿತ್ತು. ಗಾರೆಗೆ ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸುವ ಪದ್ಧತಿ ದಕ್ಷಿಣ ಭಾರತದ ಹಲವೆಡೆ ಇತ್ತು. ಸುಣ್ಣವನ್ನು ಅರಳಿಸಿ ವಾರಗಟ್ಟಲೆ ನೆನೆಯಿಸಬೇಕು, ಹಚ್ಚಿದ ಮೇಲೆ ನಿಧಾನವಾಗಿ ಒಣಗಲು ಬಿಡಬೇಕು. ಈ ಕೆಲಸ ಬಲ್ಲ ಕೈಗಳು ವಿರಳವಾಗಿವೆ. ಒಬ್ಬರು ದೊರೆತರೆ ಅವರ ಸಮಯಕ್ಕೆ ನಮ್ಮ ರಜೆಯನ್ನು ಹೊಂದಿಸಿಕೊಳ್ಳುವುದೇ ಸರಿ. ಅಂಗಳಕ್ಕೆ ಇಂಟರ್‌ಲಾಕ್ ಹಾಸುವ ಹವ್ಯಾಸವೂ ಇದೇ ಜಾತಿಯದು. ಗೋಡೆಯ ಬುಡದವರೆಗೆ ಹಾಸಿದರೆ ನೆಲದ ತೇವ ಗೋಡೆಯ ಕಡೆಗೇ ತಿರುಗುತ್ತದೆ. ಬುಡದಲ್ಲಿ ಎರಡು ಅಡಿಯಾದರೂ ಜಲ್ಲಿ ತುಂಬಿದ ಮಣ್ಣನ್ನು ಬಿಡಬೇಕು.

ಹೊಸದು ಹಳೆಯದನ್ನು ಮುಟ್ಟುವ ಜಾಗ

ವಿಸ್ತರಣೆಗಳು ಕೆಡುವುದು ಹೆಚ್ಚಾಗಿ ಈ ಜಾಗದಲ್ಲಿಯೇ. ಹಳೆಯ ಮನೆಯ ಪಾಯ ಆಳವಿಲ್ಲದ್ದು, ಆದರೆ ನೂರು ವರ್ಷಗಳಲ್ಲಿ ಕುಸಿಯಬೇಕಾದಷ್ಟು ಕುಸಿದು ಸ್ಥಿರವಾಗಿರುತ್ತದೆ. ಹೊಸ ಕಟ್ಟಡ ಇನ್ನು ಮೇಲೆ ಕುಸಿಯಬೇಕಾದದ್ದು. ಎರಡನ್ನೂ ಕಬ್ಬಿಣ ಸಿಮೆಂಟುಗಳಿಂದ ಬಿಗಿದರೆ ಹೊಸದು ಇಳಿಯುವಾಗ ಹಳೆಯದನ್ನೂ ಎಳೆಯುತ್ತದೆ. ಸಂದಿಯಲ್ಲಿ ಓರೆ ಬಿರುಕು ಕಾಣಿಸುತ್ತದೆ. ಆದಕಾರಣ ಹೊಸ ಭಾಗಕ್ಕೆ ಅದರದೇ ಕಂಬ, ಅದರದೇ ಗೋಡೆ ಇರಬೇಕು. ನಡುವೆ ಒಂದೆರಡು ಅಂಗುಲದ ಸಂದು ಬಿಟ್ಟು ಮೇಲೆ ಮುಚ್ಚಿಗೆ ಕೊಡಬೇಕು. ಹಳೆಯ ಗೋಡೆಗೆ ತೂತು ಕೊರೆದು ತೊಲೆ ಸೇರಿಸುವುದು ಅಗ್ಗವಾಗಿ ಕಾಣುವ ದುಬಾರಿ ಕೆಲಸ. ಪಾಯದ ಅಗೆತ ಹಳೆಯ ಪಾಯಕ್ಕೆ ತಾಗಿಕೊಂಡಿರಬಾರದು. ಹೊಸದು ಹಳೆಯದಕ್ಕಿಂತ ಎಷ್ಟು ಆಳಕ್ಕೆ ಇಳಿಯುತ್ತದೆಯೋ ಅದರ ಎರಡರಷ್ಟು ದೂರವಿರಲಿ ಎಂಬುದು ರೂಢಿಯ ಲೆಕ್ಕ; ಜಾಗವಿಲ್ಲದಿದ್ದರೆ ಇಂಜಿನಿಯರರು ಬಂದು ನೋಡಿಯೇ ಹೇಳಬೇಕು. ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ಇದು ಇನ್ನೂ ಸೂಕ್ಷ್ಮ. ಅಲ್ಲಿ ಮಣ್ಣು ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುತ್ತದೆ.

ಎರಡು ಮಾಡುಗಳು ಕೂಡುವ ಕಡೆ ನೀರಿನ ದೋಣಿ ಬರುತ್ತದೆ. ಕರಾವಳಿಯ ಮಳೆಗೆ ಪೇಟೆಯ ಸಾಮಾನ್ಯ ಅಳತೆಯ ದೋಣಿ ಸಾಲದು. ಎಲೆ ತರಗು ತುಂಬಿ ಉಕ್ಕಿದರೆ ನೀರು ನೇರ ಹಳೆಯ ಗೋಡೆಯ ತಲೆಗೆ. ಇದನ್ನು ತಪ್ಪಿಸುವ ಒಳ್ಳೆಯ ಉಪಾಯವೆಂದರೆ ಹೊಸ ಕಟ್ಟಡವನ್ನು ಎಂಟು ಹತ್ತು ಅಡಿ ದೂರವಿಟ್ಟು, ನಡುವೆ ತಗ್ಗಾದ ಹಗುರ ಮಾಡಿನ ಹಾದಿಯೊಂದರಿಂದ ಸೇರಿಸುವುದು. ಆ ಹಾದಿ ಹಳೆಯ ಮನೆಯ ಸೂರಿನ ಕೆಳಗೆ ನುಸುಳಿ, ಈಗಾಗಲೇ ಇರುವ ಹಿತ್ತಿಲ ಬಾಗಿಲಿಗೆ ಬಂದು ಸೇರಲಿ. ಹೊಸದಾಗಿ ಗೋಡೆ ಒಡೆಯುವ ಪ್ರಸಂಗವೇ ಬರುವುದಿಲ್ಲ. ಹಟ್ಟಿ ಅಥವಾ ಕೊಟ್ಟಿಗೆ ಇದ್ದ ಹಿಂಭಾಗದ ಜಾಗ ಇದಕ್ಕೆ ಪ್ರಶಸ್ತ: ಎದುರಿನಿಂದ ನೋಡುವವರಿಗೆ ಚಾವಡಿಯೇ ಕಾಣುತ್ತದೆ, ಹೊಸ ಮಾಡು ಹಳೆಯದರ ಮಾಡಿಗಿಂತ ತಗ್ಗಿರುತ್ತದೆ.

ನೀರಿನ ಕೆಲಸವೆಲ್ಲ ಹೊಸ ಭಾಗದಲ್ಲಿರಲಿ, ಹಳೆಯ ಮನೆ ಒಣಗಿರಲಿ. ಸ್ನಾನಗೃಹ, ಅಡುಗೆಮನೆ, ಬಟ್ಟೆ ಒಗೆಯುವ ಯಂತ್ರ, ಮೇಲಿನ ಟ್ಯಾಂಕು, ಸೋಲಾರ್, ಏಸಿ ಎಲ್ಲವೂ ಹೊಸದಕ್ಕೆ ಸೇರಿದವು. ಹಳೆಯ ಮನೆಯ ಅಟ್ಟದಲ್ಲಿ ಟ್ಯಾಂಕು ಇಟ್ಟರೆ, ಸಾವಿರ ಲೀಟರ್ ನೀರು ಸಾವಿರ ಕಿಲೋ ತೂಕವೆಂಬುದನ್ನು ಜಂತಿಗಳು ಬೇಗ ನೆನಪಿಸುತ್ತವೆ. ಮಲಗುಂಡಿಯ ಇಂಗುಗುಂಡಿ ಬಾವಿಯಿಂದ ಅರುವತ್ತು ಅಡಿಗೆ ಕಡಿಮೆಯಿರದಂತೆ, ಇಳಿಜಾರಿನ ಕೆಳಬದಿಯಲ್ಲಿರಬೇಕು. ಮುರಕಲ್ಲಿನ ನೆಲ ಜರಡಿಯಂತೆ. ಮೇಲ್ಗಡೆ ಇಂಗಿದ್ದು ಬಾವಿಗೆ ಬರಲು ತಡವಾಗದು.

ತೊಟ್ಟಿಯ ಮೇಲೆ ಪಾರದರ್ಶಕ ಶೀಟು ಹಾಕಿ ಮುಚ್ಚುವುದು ಈಗ ಸಾಮಾನ್ಯ. ಮಳೆ ಒಳಗೆ ಬರುವುದಿಲ್ಲ ನಿಜ; ಬಿಸಿಗಾಳಿ ಮೇಲೇರಿ ಹೋಗುವ ದಾರಿಯೂ ಮುಚ್ಚುತ್ತದೆ. ಏಪ್ರಿಲಿನಲ್ಲಿ ಇಡೀ ಮನೆ ಬಾಣಲೆಯಾಗುತ್ತದೆ. ಮುಚ್ಚಲೇಬೇಕೆಂದರೆ ಶೀಟನ್ನು ಮಾಡಿಗಿಂತ ಎರಡು ಅಡಿ ಎತ್ತರಿಸಿ ಸುತ್ತಲೂ ಗಾಳಿ ಬಿಡಬೇಕು.

ಹಂಚಿನ ವಿಷಯದಲ್ಲಿ ಒಂದು ಸೂಚನೆ. ಬೇರೆ ಬೇರೆ ಕಾರ್ಖಾನೆಗಳ ಹಂಚುಗಳ ಅಚ್ಚು ಬೇರೆ, ಒಂದರೊಳಗೊಂದು ಕೂರುವುದಿಲ್ಲ. ಹಂಚಿನ ಮೇಲಿನ ಮುದ್ರೆಯನ್ನು ಓದಿ ಅದೇ ಮುದ್ರೆಯ ಹಳೆಯ ಹಂಚನ್ನು ಕೆಡವಿದ ಮನೆಗಳಿಂದ ಕೊಳ್ಳಬಹುದು. ನೂರು ಚದರಡಿಗೆ ಸುಮಾರು ನೂರೈವತ್ತು ಬೇಕಾಗುತ್ತದೆ. ಹಳೆಯ ಮಾಡಿಗೆ ಹಳೆಯ ಹಂಚು, ಹೊಸ ಮಾಡಿಗೆ ಹೊಸದು ಎಂದಿಟ್ಟುಕೊಂಡರೆ ತೊಡಕಿಲ್ಲ.

ಹೊಸ ಭಾಗ ಹಳೆಯದರಂತೆಯೇ ಕಾಣಬೇಕೇ? 1964ರ ವೆನಿಸ್ ಸನ್ನದು ಹೊಸದಾಗಿ ಸೇರಿಸಿದ್ದು ಹೊಸದೆಂದು ತಿಳಿಯುವಂತಿರಲಿ ಎನ್ನುವ ಪಕ್ಷದ್ದು. 1984ರಲ್ಲಿ ಸ್ಥಾಪನೆಯಾದ ಇಂಟ್ಯಾಕ್ ಸಂಸ್ಥೆ 2004ರಲ್ಲಿ ಹೊರತಂದ ಸನ್ನದು, ಸರಕಾರದ ರಕ್ಷಣೆಯಿಲ್ಲದ ಕಟ್ಟಡಗಳನ್ನೇ ಕುರಿತದ್ದು. ನಮ್ಮಲ್ಲಿ ಕುಶಲಕರ್ಮಿಗಳ ಪರಂಪರೆ ಇನ್ನೂ ಜೀವಂತವಾಗಿರುವುದರಿಂದ ಅದಕ್ಕೂ ಮಾನ್ಯತೆಯಿರಬೇಕೆಂದು ಹೇಳುತ್ತದೆ. ನಮಗೆ ತೋರುವುದು ಇಷ್ಟು: ಕೆತ್ತನೆಯ ಕಂಬವನ್ನು ಕಾಂಕ್ರೀಟಿನಲ್ಲಿ ಎರಕ ಹೊಯ್ದು ಮರದ ಬಣ್ಣ ಬಳಿಯುವುದಕ್ಕಿಂತ, ಬೋಳಾದ ಮುರಕಲ್ಲಿನ ಗೋಡೆಯೂ ಹಂಚಿನ ಮಾಡೂ ಇರುವ ಸರಳ ಕೋಣೆ ಎಷ್ಟೋ ಚೆಂದ. ಮಾದರಿ ನೋಡಬಯಸುವವರು ಕುಪ್ಪಳಿಯ ಕವಿಮನೆಗೆ, ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಬಿಚ್ಚಿ ತಂದು ನಿಲ್ಲಿಸಿದ ಪರಂಪರೆಯ ಗ್ರಾಮಕ್ಕೆ ಹೋಗಬಹುದು. ಚೆನ್ನೈಯವರಿಗೆ 1996ರಲ್ಲಿ ತೆರೆದ ದಕ್ಷಿಣಚಿತ್ರ ಹತ್ತಿರವೇ ಇದೆ. ಅಲ್ಲಿ ಇಳಕಲ್ಲಿನ ನೇಕಾರರ ಮನೆಯೂ ಇದೆ. ಇವು ಸಂಗ್ರಹಾಲಯಗಳು, ಅಲ್ಲಿ ಯಾರೂ ಬೆಳಗ್ಗೆ ಕಾಫಿ ಕಾಯಿಸುವುದಿಲ್ಲ. ಮರದ ಜೋಡಣೆಯನ್ನು, ಮಾಡಿನ ಇಳಿಜಾರನ್ನು ನೋಡಿ ಕಲಿಯಲು ಮಾತ್ರ ಬೇರೆಡೆ ಇಷ್ಟು ಅನುಕೂಲವಿಲ್ಲ.

ಗುತ್ತಿನ ಮನೆಗಳಲ್ಲಿ ಇನ್ನೊಂದು ವಿಚಾರವಿದೆ. ದೈವದ ಕೋಣೆ, ಭಂಡಾರ ಹೊರಡುವ ದಾರಿ, ನೇಮ ನಡೆಯುವ ಅಂಗಳ, ನಾಗಬನ ಇವು ಕುಟುಂಬದ ಎಲ್ಲರಿಗೂ ಸೇರಿದವು. ಅನುಕೂಲವೆಂದು ಇವುಗಳಿಗೆ ಅಡ್ಡವಾಗಿ ಗೋಡೆ ಎಬ್ಬಿಸಿದರೆ, ಬಿರುಕು ಬೀಳುವುದು ಗೋಡೆಯಲ್ಲಲ್ಲ.

ಕಾಗದಪತ್ರಗಳು

ಬ್ಯಾಂಕಿನಲ್ಲಿ ದಶಕಗಳಿಂದ ಕೆಲಸ ಮಾಡುತ್ತಿರುವ ನಮಗೆ ಈ ಭಾಗವೇ ಹೆಚ್ಚು ಪರಿಚಿತ. ಹಳೆಯ ಮನೆ ಇಂದಿಗೂ ಅಜ್ಜನ ಹೆಸರಿನಲ್ಲಿರುವುದು ಸರ್ವೇಸಾಮಾನ್ಯ. ಪೌತಿ ಖಾತೆ ಆಗದೆ, ಪಹಣಿಯಲ್ಲಿ ಅಥವಾ ಪಂಚಾಯತಿಯ ಇ-ಸ್ವತ್ತಿನ 9 ಮತ್ತು 11ನೆಯ ನಮೂನೆಗಳಲ್ಲಿ ಈಗಿನವರ ಹೆಸರು ಬರದೆ ಸಾಲವೂ ದೊರೆಯದು, ಪರವಾನಗಿಯೂ ಸಿಗದು. ಕೃಷಿಭೂಮಿಯಲ್ಲಿರುವ ಮನೆಯಾದರೆ ಭೂಪರಿವರ್ತನೆಯ ಪ್ರಶ್ನೆ ಬರುತ್ತದೆ. ಹೆಣ್ಣುಮಕ್ಕಳ ಪಾಲನ್ನು ಬಾಯಿಮಾತಿನಲ್ಲಿ ತೀರಿಸುವ ಕಾಲ ಮುಗಿದಿದೆ. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿ ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತು. ಆ ದಿನ ತಂದೆ ಬದುಕಿರಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು. ಅಳಿಯಸಂತಾನದ ಕುಟುಂಬಗಳಲ್ಲಿ ಪಾಲುದಾರರ ಪಟ್ಟಿ ಇನ್ನೂ ಉದ್ದ. ಮುಂಬಯಿಯ ತಮ್ಮ ಸ್ವಂತ ದುಡಿಮೆಯಿಂದ ಹೊಸ ಭಾಗ ಕಟ್ಟಿಸಿದ ಮಾತ್ರಕ್ಕೆ ಅದರ ಕೆಳಗಿನ ನೆಲ ತಮ್ಮದಾಗುವುದಿಲ್ಲ. ಯಾರು ಹಣ ಹಾಕಿದರು, ಯಾರು ವಾಸಿಸುವರು, ಮುಂದೆ ಪಾಲಾದರೆ ಆ ಭಾಗ ಯಾರ ಪಾಲಿಗೆ ಎಂಬುದನ್ನು ಪಾಯ ತೆಗೆಯುವ ಮೊದಲೇ ಎಲ್ಲರೂ ಸಹಿ ಮಾಡಿದ ಪತ್ರದಲ್ಲಿ ಬರೆದಿಡಬೇಕು. ಪಾಲುಪಟ್ಟಿಯಾದರೆ ನೋಂದಣಿ ಆಗಲೇಬೇಕು. ಅಣ್ಣತಂಗಿಯರ ನಡುವೆ ಪತ್ರವೇಕೆ ಎಂದು ಕೇಳುವವರುಂಟು. ಅವರ ಮಕ್ಕಳ ನಡುವೆ ಬೇಕಾಗುತ್ತದೆ.

ಮುಂಬಯಿಯಲ್ಲಿ 1995ರಿಂದ ಪಾರಂಪರಿಕ ಕಟ್ಟಡಗಳ ಪಟ್ಟಿಯೂ ನಿಯಮವೂ ಇವೆ. ಊರಿನ ನಮ್ಮ ಮನೆಗಳು ಸಾಮಾನ್ಯವಾಗಿ ಇಂತಹ ಯಾವ ಪಟ್ಟಿಯಲ್ಲೂ ಇಲ್ಲ. ಉಳಿಸುವುದೂ ಕೆಡಿಸುವುದೂ ಮನೆಯವರ ಕೈಯಲ್ಲಿ. ಆದರೆ ಬಾದಾಮಿ, ಐಹೊಳೆ, ಬೇಲೂರು, ಹಳೇಬೀಡುಗಳಂತಹ ಊರುಗಳಲ್ಲಿ ಕೇಂದ್ರ ಸಂರಕ್ಷಿತ ಸ್ಮಾರಕದ 100 ಮೀಟರ್ ಒಳಗೆ ಮನೆಯಿದ್ದರೆ 2010ರ ತಿದ್ದುಪಡಿಯಂತೆ ಹೊಸ ನಿರ್ಮಾಣಕ್ಕೆ ಅವಕಾಶವಿಲ್ಲ, ದುರಸ್ತಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಪಡೆದು ಕಟ್ಟಬಹುದು. ಹಂಪಿಗೆ 2002ರ ಪ್ರತ್ಯೇಕ ಕಾಯಿದೆಯೇ ಇದೆ.

ಕೆಲಸವನ್ನು ದೀಪಾವಳಿ ಕಳೆದ ಮೇಲೆ ಆರಂಭಿಸಿದರೆ ಮೇ ತಿಂಗಳ ಒಳಗೆ ಮಾಡು ಏರಿಸಬಹುದು. ಸುಣ್ಣದ ಕೆಲಸಕ್ಕೂ ಮಳೆಯಿಲ್ಲದ ಆ ತಿಂಗಳುಗಳೇ ತಕ್ಕವು. ಮುಗಿದ ಮೇಲೆ ನೀರಿನ ಕೊಳವೆ, ವಿದ್ಯುತ್ ತಂತಿ, ಇಂಗುಗುಂಡಿ ಎಲ್ಲೆಲ್ಲಿವೆ ಎಂದು ಗುರುತಿಸಿದ ನಕಾಶೆಯ ಒಂದು ಪ್ರತಿಯನ್ನು ಊರಿನ ಮನೆಯ ಪತ್ರಗಳ ಪೆಟ್ಟಿಗೆಯಲ್ಲಿಯೂ ಇನ್ನೊಂದನ್ನು ನಗರದ ಮನೆಯಲ್ಲಿಯೂ ಇಟ್ಟುಕೊಳ್ಳತಕ್ಕದ್ದು.