ಕ್ರೋಮ್ ಕಿತ್ತುಬಂದ ಪಿಸ್ತೂಲು

ಹಳೆಯ ಉಕ್ಕಿನ ಪಿಸ್ತೂಲಿನ ಕಪ್ಪು-ನೀಲಿ ಹೊಳಪು ಬಳಿದದ್ದಲ್ಲ. ಬಿಸಿ ರಾಸಾಯನಿಕ ದ್ರಾವಣದಲ್ಲಿ ಅದ್ದಿದಾಗ ಮೇಲ್ಮೈಯ ಕಬ್ಬಿಣವೇ ಕಪ್ಪು ಆಕ್ಸೈಡ್ ಆಗುತ್ತದೆ. ಇದಕ್ಕೆ ಬ್ಲೂಯಿಂಗ್ ಎನ್ನುತ್ತಾರೆ. ಅದು ಸವೆದರೂ ಕೆಳಗೆ ಇರುವುದು ಉಕ್ಕೇ. ಸತುವಿನ ಮಿಶ್ರಲೋಹಕ್ಕೆ ಈ ಉಪಾಯ ನಡೆಯುವುದಿಲ್ಲ. ಅದಕ್ಕೆ ಕ್ರೋಮ್ ಇಲ್ಲವೇ ನಿಕ್ಕಲ್ ಲೇಪ ಕೊಡಬೇಕು, ಅಥವಾ ಬಣ್ಣ ಬಳಿಯಬೇಕು. ಜೇಬಿನಲ್ಲಿ ಬೀಗದಕೈ, ಚಿಲ್ಲರೆಗಳ ಜೊತೆ ತಿಕ್ಕಾಡಿದರೆ ಅಂಚುಗಳಲ್ಲಿ ಲೇಪ ಏಳುತ್ತದೆ. ಕಲಾಯಿ ಹೋದ ಪಾತ್ರೆಯ ಹಾಗೆ ಒಳಗಿನ ಮಂಕು ಲೋಹ ಇಣುಕುತ್ತದೆ.

ಅಮೆರಿಕದಲ್ಲಿ ಇಂಥ ಅಗ್ಗದ ಪಿಸ್ತೂಲುಗಳಿಗೆ 'ಸ್ಯಾಟರ್ಡೇ ನೈಟ್ ಸ್ಪೆಷಲ್' ಎಂಬ ತಾತ್ಸಾರದ ಹೆಸರಿತ್ತು. ಅವುಗಳ ಕಥೆ ಒಂದು ಕಾನೂನಿನಿಂದ ಶುರುವಾಗುತ್ತದೆ ಎಂಬುದೇ ವಿಚಿತ್ರ. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್, ಜೂನ್‌ನಲ್ಲಿ ರಾಬರ್ಟ್ ಕೆನಡಿ ಹತರಾದರು. ಅದೇ ಅಕ್ಟೋಬರ್‌ನಲ್ಲಿ ಗನ್ ಕಂಟ್ರೋಲ್ ಆಕ್ಟ್ ಬಂತು. ವಿದೇಶದಿಂದ ಬರುವ ಪಿಸ್ತೂಲಿಗೆ ಇನ್ನು ಪರೀಕ್ಷೆ: ಉದ್ದ, ತೂಕ, ಚೌಕಟ್ಟಿನ ಲೋಹ, ಸುರಕ್ಷತೆಯ ಏರ್ಪಾಡು ಎಲ್ಲಕ್ಕೂ ಅಂಕ. ಪಿಸ್ತೂಲಿಗೆ 75, ರಿವಾಲ್ವರಿಗೆ 45 ಅಂಕ ಬರಲೇಬೇಕು. ಆದರೆ ಈ ಪರೀಕ್ಷೆ ಆಮದಿಗೆ ಮಾತ್ರ. ಕೆನಡಿಯವರನ್ನು ಕೊಂದದ್ದು ಐವರ್ ಜಾನ್ಸನ್ ಕಂಪನಿಯ ಅಮೆರಿಕದ್ದೇ ರಿವಾಲ್ವರು ಎಂಬುದು ಕಾನೂನು ಮಾಡಿದವರಿಗೆ ಗೊತ್ತಿರಲಿಲ್ಲವೆಂದಲ್ಲ.

ಬಾಗಿಲು ಮುಚ್ಚಿದರೆ ಕಿಟಕಿ ಇತ್ತು. ಜರ್ಮನಿಯ ರೋಮ್ ಕಂಪನಿ ಬಿಡಿಭಾಗಗಳನ್ನು ತಂದು ಮಯಾಮಿಯಲ್ಲಿ ಜೋಡಿಸತೊಡಗಿತು. 1981ರಲ್ಲಿ ಅಧ್ಯಕ್ಷ ರೇಗನ್ ಅವರ ಮೇಲೆ ಗುಂಡು ಹಾರಿಸಿದ್ದು ಅಲ್ಲಿನದೇ ಆರ್‌ಜಿ-14. ಬೆಲೆ 50 ಡಾಲರಿಗೂ ಕಡಿಮೆ. ಕ್ಯಾಲಿಫೋರ್ನಿಯಾದಲ್ಲಿ ಮಷಿನ್ ಶಾಪ್ ನಡೆಸುತ್ತಿದ್ದ ಜಾರ್ಜ್ ಜೆನ್ನಿಂಗ್ಸ್ ಇನ್ನೂ ಮುಂದೆ ಹೋದರು. 1970ರಲ್ಲಿ ಅವರು ಶುರುಮಾಡಿದ ರೇವನ್ ಕಂಪನಿಯ ಎಂಪಿ-25 ಪಿಸ್ತೂಲಿನ ಚೌಕಟ್ಟು ಜಾಮಾಕ್‌ನದು. ಸತುವಿಗೆ ಅಲ್ಯೂಮಿನಿಯಂ, ಮೆಗ್ನೀಸಿಯಂ, ತಾಮ್ರ ಬೆರೆತ ಈ ಲೋಹ ನಮ್ಮ ಮನೆಗಳಲ್ಲೂ ಇದೆ: ಬಾಗಿಲ ಹಿಡಿಕೆ, ಮಕ್ಕಳ ಆಟದ ಕಾರು. ಸುಮಾರು 385 ಡಿಗ್ರಿ ಸೆಲ್ಸಿಯಸ್‌ಗೆ ಕರಗುವುದರಿಂದ ಅಚ್ಚಿಗೆ ಒತ್ತಿದರೆ ಸಾಕು, ಕಡೆಯುವ ಖರ್ಚು ತೀರಾ ಕಡಿಮೆ. ಗುಂಡು ಹಾಯುವ ನಳಿಗೆ ಮಾತ್ರ ಉಕ್ಕಿನದು. ಜೆನ್ನಿಂಗ್ಸ್ ಕುಟುಂಬದವರು, ಅವರ ನೆಂಟರು, ಪರಿಚಿತರು ಲಾಸ್ ಏಂಜಲೀಸ್ ಸುತ್ತ ಇಂಥವೇ ಕಂಪನಿಗಳನ್ನು ತೆರೆದರು. ಡಾ. ಗ್ಯಾರೆನ್ ವಿಂಟೆಮ್ಯೂಟ್ 1994ರಲ್ಲಿ ಈ ಗುಂಪಿನ ಬಗ್ಗೆ 'ರಿಂಗ್ ಆಫ್ ಫೈರ್' ಎಂಬ ವರದಿ ಬರೆದರು. 1992ರ ಹೊತ್ತಿಗೆ ದೇಶದಲ್ಲಿ ತಯಾರಾದ ಕೈಬಂದೂಕುಗಳಲ್ಲಿ ಸುಮಾರು ಮೂರನೇ ಒಂದು ಪಾಲು ಇವರದೇ.

ಕೊಂಡವರ ದೂರು ಏನು? ಲೇಪ ಏಳುತ್ತದೆ, ಗುಂಡು ಸಿಕ್ಕಿಹಾಕಿಕೊಳ್ಳುತ್ತದೆ, ಲೋಹ ಬಿರುಕು ಬಿಡುತ್ತದೆ. ಕೆಲವು ರಾಜ್ಯಗಳೂ ಲೋಹವನ್ನೇ ಹಿಡಿದುಕೊಂಡವು. ಇಲಿನಾಯ್, ಸೌತ್ ಕೆರೊಲಿನಾಗಳ ಕಾನೂನಿನ ಪ್ರಕಾರ 800 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 427 ಸೆಲ್ಸಿಯಸ್, ಮುಟ್ಟುವ ಮೊದಲೇ ಕರಗುವ ಎರಕದ ಲೋಹದ ಪಿಸ್ತೂಲನ್ನು ಅಂಗಡಿಯವರು ಮಾರುವಂತಿಲ್ಲ. ಬಡವರ ಕೈಗೆ ಬಂದೂಕು ಸಿಗದಂತೆ ಮಾಡುವ ಹುನ್ನಾರ ಇದು ಎಂಬ ಆಕ್ಷೇಪವೂ ಬಂತು. ಅದನ್ನು ಸುಮ್ಮನೆ ತಳ್ಳಿಹಾಕಲು ನನಗಾಗುವುದಿಲ್ಲ. ಎಂಬತ್ತರ ದಶಕದಲ್ಲಿ ಆಸ್ಟ್ರಿಯಾದ ಗ್ಲಾಕ್ ಬಂತು. ಅದರ ಚೌಕಟ್ಟು ನೈಲಾನ್ ಬಗೆಯ ಪ್ಲಾಸ್ಟಿಕ್, ಸತುವಿಗಿಂತ ಎಷ್ಟೋ ಮೊದಲೇ ಕರಗುವಂಥದು. ಇಲಿನಾಯ್ ಕಾನೂನು ಹೇಳಿದ್ದು ಲೋಹದ ಮಾತು, ಹಾಗಾಗಿ ಅದು ಪಾಸು. ನಮ್ಮ ಪ್ರಾಜೆಕ್ಟುಗಳಲ್ಲೂ ಅಳೆಯಲು ಸುಲಭವಾದದ್ದನ್ನೇ ಗುಣಮಟ್ಟ ಎಂದು ಬರೆದುಕೊಂಡು ಸಹಿ ಹಾಕುವವರಿದ್ದಾರೆ. ನಾನೂ ಹಾಕಿದ್ದೇನೆ.

ನಿಜವಾದ ದೋಷ ಕಣ್ಣಿಗೆ ಕಾಣುವ ಕಡೆ ಇರಲಿಲ್ಲ. 1994ರಲ್ಲಿ ಕ್ಯಾಲಿಫೋರ್ನಿಯಾದ ವಿಲಿಟ್ಸ್ ಊರಿನಲ್ಲಿ ಮನೆಯವರ ಪರಿಚಯದ ಯುವಕನೊಬ್ಬ ಬ್ರೈಕೋ ಕಂಪನಿಯ ಮಾಡೆಲ್ 38ರಿಂದ ಗುಂಡು ಹೊರತೆಗೆಯಲು ಹೊರಟ. ಈ ಪಿಸ್ತೂಲಿನಲ್ಲಿ ಸೇಫ್ಟಿ ಹಾಕಿದ್ದರೆ ಸ್ಲೈಡ್ ಹಿಂದಕ್ಕೆ ಬರುವುದಿಲ್ಲ. ಒಳಗಿನ ಗುಂಡು ತೆಗೆಯಬೇಕಾದರೆ ಮೊದಲು ಸೇಫ್ಟಿಯನ್ನೇ ಬಿಡಿಸಬೇಕು. ಬಿಡಿಸಿದ, ಗುಂಡು ಹಾರಿತು. ಏಳು ವರ್ಷದ ಹುಡುಗನ ದವಡೆ ಹೊಕ್ಕ ಗುಂಡು ಅವನ ಕೈಕಾಲುಗಳ ಸ್ವಾಧೀನ ಕಿತ್ತುಕೊಂಡಿತು. ಆ ಪಿಸ್ತೂಲಿನ ಕ್ರೋಮ್ ಥಳಥಳ ಹೊಳೆಯುತ್ತಿದ್ದರೂ ಆಗುತ್ತಿದ್ದದ್ದು ಇದೇ.

ಆಟದ ಕಾರಿನ ಬಣ್ಣದಲ್ಲಿ ಸೀಸವಿದ್ದರೆ ವಾಪಸ್ ತರಿಸುವ ಅಧಿಕಾರವುಳ್ಳ ಗ್ರಾಹಕ ಸುರಕ್ಷತಾ ಆಯೋಗ ಆ ದೇಶದಲ್ಲಿದೆ. ಆದರೆ 1972ರಲ್ಲಿ ಆಯೋಗವನ್ನು ಹುಟ್ಟುಹಾಕಿದ ಕಾನೂನೇ ಬಂದೂಕನ್ನು ಅದರ ವ್ಯಾಪ್ತಿಯಿಂದ ಹೊರಗಿಟ್ಟಿತು. ಕ್ಯಾಲಿಫೋರ್ನಿಯಾ 1999ರಲ್ಲಿ ಕೊನೆಗೂ ಕೆಲಸ ನೋಡುವ ಪರೀಕ್ಷೆ ತಂದಿತು: ಕಾಂಕ್ರೀಟಿನ ಮೇಲೆ ಬೀಳಿಸಿದರೆ ಹಾರಬಾರದು, 600 ಗುಂಡುಗಳಲ್ಲಿ ಆರಕ್ಕಿಂತ ಹೆಚ್ಚು ಸಲ ಕೈಕೊಡಬಾರದು. 2001ರಿಂದ ಅದು ಜಾರಿಗೆ ಬಂತು.

2003ರಲ್ಲಿ ಜ್ಯೂರಿ ಮಾಡೆಲ್ 38ರ ವಿನ್ಯಾಸವೇ ದೋಷಪೂರ್ಣ ಎಂದಿತು. ತಯಾರಕರ ಮತ್ತು ಅವರ ವಿತರಕರ ಪಾಲಿಗೆ ಸುಮಾರು 2.4 ಕೋಟಿ ಡಾಲರ್ ಪರಿಹಾರ ಬಿತ್ತು. ಬ್ರೈಕೋ ದಿವಾಳಿ ಅರ್ಜಿ ಹಾಕಿತು. 2004ರಲ್ಲಿ ಕಾರ್ಖಾನೆಯ ಆಸ್ತಿ ಹರಾಜಿಗೆ ಬಂದಾಗ ಗಾಲಿಕುರ್ಚಿಯಲ್ಲಿದ್ದ ಆ ಹುಡುಗ, ಆಗ ಹದಿಹರೆಯದವನು, ದೇಣಿಗೆ ಎತ್ತಿ ಕೂಗಿದ. ಅರ್ಧಂಬರ್ಧ ಆಗಿದ್ದ ಪಿಸ್ತೂಲುಗಳನ್ನೆಲ್ಲ ಕೊಂಡು ಕರಗಿಸಿಬಿಡುವುದು ಅವನ ಉದ್ದೇಶ. ಅವನ ಕೂಗು 5,05,000 ಡಾಲರಿಗೆ ನಿಂತಿತು. 5,10,000ಕ್ಕೆ ಕೊಂಡವನು ಅದೇ ಕಾರ್ಖಾನೆಯ ಹಳೆಯ ಮೇಲ್ವಿಚಾರಕ. ಅವನು ತನ್ನ ಹೆಸರಿನಲ್ಲಿ ಕಂಪನಿ ತೆರೆದು ಸತುವಿನ ಪಿಸ್ತೂಲು ಮಾಡುವುದನ್ನು ಮುಂದುವರಿಸಿದ.