ಹಾರದ ಹಿಂಬದಿ



ಮನೆಯ ಹಿರಿಯರ ಒಡವೆ ಪೆಟ್ಟಿಗೆ ತೆರೆದಾಗ ಚಿನ್ನವನ್ನು ಪಾಲು ಮಾಡಿಕೊಳ್ಳುತ್ತೇವೆ. ಗಾಜಿನ ಹರಳಿನ ಹಾರ ಮಾತ್ರ ‘ಡೂಪ್ಲಿಕೇಟ್’ ಎಂದು ಮಕ್ಕಳ ಆಟಕ್ಕೆ ಹೋಗುತ್ತದೆ. ಅಮೆರಿಕದಲ್ಲಿ ತಯಾರಾದ ಇಂತಹ ಹಳೆಯ ಹಾರಗಳನ್ನು ಇಂದು ಸಂಗ್ರಹಕಾರರು ಹುಡುಕಿ ಕೊಳ್ಳುತ್ತಾರೆ. ಅಲ್ಲಿ ಇವಕ್ಕೆ ಕಾಸ್ಟ್ಯೂಮ್ ಜ್ಯುವೆಲರಿ ಎಂದು ಹೆಸರು. ಇವುಗಳ ಬೆಲೆ ತಕ್ಕಡಿಯಲ್ಲಿ ತಿಳಿಯುವುದಿಲ್ಲ. ಹಾರವನ್ನು ಮಗುಚಿ ಹಿಂಬದಿ ನೋಡಬೇಕು.

ನ್ಯೂಯಾರ್ಕಿನ ಟ್ರಿಫಾರಿ ಕಂಪನಿಯನ್ನೇ ತೆಗೆದುಕೊಳ್ಳಿ. 1930ರಲ್ಲಿ ಅಲ್ಲಿಗೆ ಸೇರಿದ ವಿನ್ಯಾಸಕಾರ ಆಲ್ಫ್ರೆಡ್ ಫಿಲಿಪ್ ಅವರು ಅದಕ್ಕೂ ಮೊದಲು ನಿಜವಾದ ರತ್ನಾಭರಣಗಳಿಗೆ ಕೆಲಸ ಮಾಡಿದ್ದವರು. ಪ್ಯಾರಿಸಿನ ಕಾರ್ತಿಯೇ ಸಂಸ್ಥೆ 1920ರ ದಶಕದಲ್ಲಿ, ಭಾರತದಲ್ಲಿ ಎಲೆಗಳ ಆಕಾರಕ್ಕೆ ಕೆತ್ತಿದ ಪಚ್ಚೆ, ಮಾಣಿಕ್ಯ, ನೀಲಗಳನ್ನು ಕೂಡಿಸಿ ಒಡವೆ ಮಾಡುತ್ತಿತ್ತು. ಆ ಕೆತ್ತನೆಗೆ ಮೊಗಲರ ಕಾಲದ ಪರಂಪರೆಯಿದೆ. ಫಿಲಿಪ್ ಅವರು ಅದೇ ಬಗೆಯ ಎಲೆಗಳನ್ನು ಬಣ್ಣದ ಗಾಜಿನಲ್ಲಿ ಅಚ್ಚು ಹಾಕಿಸಿದರು. ನಮ್ಮ ನೆಲದ ಕುಶಲತೆ ಹೀಗೆ ಎರಡು ಊರು ದಾಟಿ ಸಾಮಾನ್ಯ ಗೃಹಿಣಿಯ ಕೊರಳಿಗೆ ಬಂತು. 1953ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರ ಪತ್ನಿ ಮ್ಯಾಮಿ ಪದಗ್ರಹಣದ ನೃತ್ಯಕೂಟಕ್ಕೆ ಧರಿಸಿದ್ದು ಇದೇ ಕಂಪನಿಯ ಕೃತಕ ಮುತ್ತುಗಳನ್ನು!

ಕಾಲ ತಿಳಿಯುವುದು ಹೇಗೆ? ಎರಡನೆಯ ಮಹಾಯುದ್ಧದಲ್ಲಿ ತವರದಂತಹ ಲೋಹಗಳು ಸೈನ್ಯದ ಪಾಲಾದವು. ಒಡವೆಯವರು ಬೆಳ್ಳಿಯನ್ನು ಹಿಡಿದು, ಮೇಲೆ ಚಿನ್ನದ ಲೇಪ ಕೊಟ್ಟರು. ಆದ್ದರಿಂದ ಟ್ರಿಫಾರಿ ಹೆಸರಿನ ಜೊತೆ ‘ಸ್ಟರ್ಲಿಂಗ್’ ಎಂದಿದ್ದರೆ ಅದು ಬಹುತೇಕ 1940ರ ದಶಕದ್ದು. ಇನ್ನೊಂದು ಗುರುತು, ವೃತ್ತದೊಳಗಿನ ‘ಸಿ’ ಅಕ್ಷರ. ತನ್ನ ವಿನ್ಯಾಸ ನಕಲು ಮಾಡಿದ ಚಾರೆಲ್ ಕಂಪನಿಯ ಮೇಲೆ ಟ್ರಿಫಾರಿ ಮೊಕದ್ದಮೆ ಹೂಡಿತು. ಇಂತಹ ಒಡವೆಯೂ ಕಲಾಕೃತಿಯೇ, ಅದಕ್ಕೂ ಕೃತಿಸ್ವಾಮ್ಯ ಉಂಟು ಎಂದು ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ 1955ರಲ್ಲಿ ಹೇಳಿತು. ಆ ಬಳಿಕ ಈ ಗುರುತು ಹಾರಗಳ ಮೇಲೆ ಸಾಮಾನ್ಯವಾಯಿತು. ನಕಲಿ ಎನಿಸಿಕೊಂಡ ವಸ್ತುವೇ ನಕಲಿನ ವಿರುದ್ಧ ಗೆದ್ದದ್ದು ಸ್ವಾರಸ್ಯವಲ್ಲವೇ?

ಹೆಸರಿಲ್ಲವೆಂದು ಕೈಬಿಡಬೇಡಿ. 1926ರಲ್ಲಿ ನ್ಯೂಯಾರ್ಕಿನಲ್ಲಿ ಅಂಗಡಿ ತೆರೆದ ಮಿರಿಯಮ್ ಹ್ಯಾಸ್ಕೆಲ್ ಅವರ ಆರಂಭದ ಹಾರಗಳಲ್ಲಿ ಮುದ್ರೆಯೇ ಇಲ್ಲ. ಜಾಲರಿಯಂತಹ ಲೋಹದ ತಗಡಿಗೆ ಸಣ್ಣ ಮಣಿಗಳನ್ನು ತಂತಿಯಿಂದ ಕೈಯಲ್ಲೇ ಹೆಣೆದಿರುವುದರಿಂದ ಬಲ್ಲವರು ಗುರುತಿಸುತ್ತಾರೆ. ಹೆಸರು ಬರೆಯದ ನೋಟ್‌ಬುಕ್ಕನ್ನು ಅಕ್ಷರ ನೋಡಿ ಇಂಥ ಹುಡುಗನದ್ದೆಂದು ನಾವು ಶಿಕ್ಷಕರು ಹೇಳುವುದಿಲ್ಲವೇ, ಹಾಗೆ. ಮುದ್ರೆಯನ್ನು ಇಂದು ಯಾರು ಬೇಕಾದರೂ ಒತ್ತಬಹುದು, ಕೈಕೆಲಸ ಅಷ್ಟು ಸುಲಭವಲ್ಲ.

ಬೆಲೆ ಕಟ್ಟುವಾಗ ಹರಳುಗಳೆಲ್ಲ ಮೂಲದವೇ, ಕೊಂಡಿ ಬದಲಾಗಿದೆಯೇ, ಜೊತೆಯ ಓಲೆಗಳು ಉಳಿದಿವೆಯೇ ಎಂದು ನೋಡುತ್ತಾರೆ. ಒಂದು ಎಚ್ಚರಿಕೆ: ಹೊಳೆಯಲಿ ಎಂದು ಸೋಪಿನ ನೀರಿನಲ್ಲಿ ಅದ್ದಬೇಡಿ. ಅನೇಕ ಹರಳುಗಳ ಹಿಂದೆ ಕನ್ನಡಿಯಂತೆ ತೆಳು ಲೇಪವಿರುತ್ತದೆ. ನೀರು ಒಳಗಿಳಿದರೆ ಅದು ಕಪ್ಪಾಗಿ ಹರಳು ಮಂಕಾಗುತ್ತದೆ. ಒಣಗಿದ ಮೆತ್ತನೆಯ ಬಟ್ಟೆ ಸಾಕು.